ಯೆಸೆನೀಕ್: ಬೆಟ್ಟದ ಆಚೆ ಉಳಿದ ಜಿಲ್ಲೆ

ಪ್ರಶ್ನೆ: ಕೆಲಸದ ನಿಮಿತ್ತ ಚೆಕ್ ದೇಶದ ಬ್ರನೊ ನಗರದಲ್ಲಿದ್ದೇನೆ. ನಕ್ಷೆಯಲ್ಲಿ ಉತ್ತರದ ಅಂಚಿನಲ್ಲಿ ಯೆಸೆನೀಕ್ ಎಂಬ ಜಿಲ್ಲೆ ಪೋಲೆಂಡಿನೊಳಕ್ಕೆ ಚಾಚಿಕೊಂಡಿದೆ. ಹಳೆಯ ನಕ್ಷೆಗಳಲ್ಲಿ ಅದೇ ಜಾಗಕ್ಕೆ ಫ್ರೈವಾಲ್ಡೌ ಎಂದಿದ್ದು, ಸಿಲೇಸಿಯಾ ಎಂಬ ಹಳೆಯ ಪ್ರಾಂತಕ್ಕೆ ಸೇರಿಸಿದ್ದಾರೆ. ಈಗ ನೋಡಿದರೆ ಒಲೊಮೌತ್ಸ್ ಪ್ರಾಂತದಲ್ಲಿದೆ. ಈ ದೇಶದಲ್ಲಿ ಜಿಲ್ಲೆಗಳೇ ರದ್ದಾಗಿವೆ ಎಂದೂ ಕೇಳಿದೆ. ಯಾವುದು ಸರಿ? ಆ ಚಾಚು ಹೇಗೆ ಬಂತು? ಹೋಗಿ ನೋಡಬೇಕಾದರೆ, ಅಲ್ಲಿನ ಹಳೆಯ ದಾಖಲೆ ಹುಡುಕಬೇಕಾದರೆ ಏನು ಮಾಡಬೇಕು?

ಉತ್ತರ: ನೀವು ಕೇಳಿದ್ದು, ನೋಡಿದ್ದು ಎಲ್ಲವೂ ಸರಿಯೇ, ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಕಚೇರಿಗೆ ಸರಿ. ಆಡಳಿತದ ಗೆರೆಗಳು ಇಲ್ಲಿ ಹತ್ತಾರು ಸಲ ಬದಲಾಗಿವೆ. ಬದಲಾಗದೆ ಉಳಿದದ್ದು ಬೆಟ್ಟಸಾಲು ಒಂದೇ. ಅದನ್ನು ಮೊದಲು ಹಿಡಿದುಕೊಂಡರೆ ಮಿಕ್ಕದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಜಿಲ್ಲೆಯ ದಕ್ಷಿಣಕ್ಕೆ ಹ್ರುಬಿ ಯೆಸೆನೀಕ್ ಪರ್ವತಶ್ರೇಣಿ ಗೋಡೆಯಂತೆ ನಿಂತಿದೆ. ಅದರ ಅತಿ ಎತ್ತರದ ಗಿರಿ ಪ್ರಾದ್ಯೆದ್, 1,491 ಮೀಟರ್. ಅದರ ಪಶ್ಚಿಮಕ್ಕೆ 1,423 ಮೀಟರಿನ ಕೆಪ್ರನೀಕ್, ಆಮೇಲೆ 1,351 ಮೀಟರಿನ ಶೆರಾಕ್. ಪಶ್ಚಿಮದ ಕಡೆ ರಿಖ್ಲೆಬ್ ಬೆಟ್ಟಗಳು, ಅವುಗಳ ನೆತ್ತಿಯ ಮೇಲೇ ಪೋಲೆಂಡಿನ ಗಡಿ. ಪೂರ್ವಕ್ಕೆ ಜ್ಲಾತೆ ಹೊರಿಯ ಗುಡ್ಡಗಾಡು. ಈ ಮೂರರ ನಡುವಿನ ನೆಲ ಉತ್ತರಕ್ಕೆ ಇಳಿಯುತ್ತ ಹೋಗಿ, ವಿದ್ನಾವಾ ಊರಿನ ಸುತ್ತ 300 ಮೀಟರಿಗಿಂತ ತಗ್ಗಾದ ಬಯಲಾಗಿ ಪೋಲೆಂಡಿನೊಳಗೆ ಸೇರಿಹೋಗುತ್ತದೆ. ಅಂದರೆ ಉಳಿದ ಚೆಕ್ ದೇಶದ ಕಡೆಗೆ ಗೋಡೆ, ಪೋಲೆಂಡಿನ ಕಡೆಗೆ ತೆರೆದ ಬಾಗಿಲು. ನೀರೂ ಅದೇ ದಾರಿ ಹಿಡಿಯುತ್ತದೆ: ಬ್ಯೆಲಾ ಮತ್ತು ವಿದ್ನಾವ್ಕಾ ನದಿಗಳು ಉತ್ತರಕ್ಕೆ ಹರಿದು ನಿಸಾ ನದಿಗೆ, ಅಲ್ಲಿಂದ ಓಡರ್‌ಗೆ, ಕೊನೆಗೆ ಬಾಲ್ಟಿಕ್ ಸಮುದ್ರಕ್ಕೆ ಸೇರುತ್ತವೆ. 760 ಮೀಟರ್ ಎತ್ತರದ ರಮ್ಜೊವಾ ಕಣಿವೆದಾರಿಯ ಈ ಕಡೆ ಬಿದ್ದ ಮಳೆ ಬಾಲ್ಟಿಕ್‌ಗೆ ಹೋದರೆ, ಆ ಕಡೆ ಬಿದ್ದದ್ದು ಮೊರಾವಾ ನದಿಯ ಮೂಲಕ ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರ ಮುಟ್ಟುತ್ತದೆ. ರಮ್ಜೊವಾ ಇರುವುದು ಜಿಲ್ಲೆಯ ಒಳಗೇ, ಒಸ್ಟ್ರುಜ್ನಾ ಎಂಬ ಪುಟ್ಟ ಗ್ರಾಮದ ಎಲ್ಲೆಯಲ್ಲಿ. ಹಾಗಾಗಿ ಆ ಒಂದು ಗ್ರಾಮದ ನೀರು ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ.

ಜಿಲ್ಲೆ ಚಿಕ್ಕದು. ವಿಸ್ತೀರ್ಣ ಸುಮಾರು 719 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 36 ಸಾವಿರ. ದೇಶದ 76 ಜಿಲ್ಲೆಗಳಲ್ಲಿ ಅತಿ ಕಡಿಮೆ ಜನರಿರುವುದು ಇಲ್ಲೇ. ಒಟ್ಟು 24 ಸ್ಥಳೀಯ ಸಂಸ್ಥೆಗಳು. ಅವುಗಳಲ್ಲಿ ಯೆಸೆನೀಕ್, ಯಾವೊರ್ನೀಕ್, ವಿದ್ನಾವಾ, ಜ್ಲಾತೆ ಹೊರಿ, ಜುಲೊವಾ ಈ ಐದಕ್ಕೆ ಪಟ್ಟಣದ ದರ್ಜೆ. ಅರ್ಧಕ್ಕಿಂತ ಹೆಚ್ಚು ನೆಲ ಕಾಡು. ‘ಜಿಲ್ಲೆ’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರವನ್ನು ಇಲ್ಲಿ ಬಿಟ್ಟುಬಿಡಿ. ಕರ್ನಾಟಕದ ಜಿಲ್ಲೆಯೊಂದರ ಸರಾಸರಿ ವಿಸ್ತೀರ್ಣ ಆರು ಸಾವಿರ ಚದರ ಕಿಲೋಮೀಟರ್ ದಾಟುತ್ತದೆ. ಗಾತ್ರದಲ್ಲಿ ಇದು ನಮ್ಮ ಒಂದು ತಾಲ್ಲೂಕು, ಜನಸಂಖ್ಯೆಯಲ್ಲಿ ಅದಕ್ಕೂ ಕಡಿಮೆ. ಆದ್ದರಿಂದ ಮುಂದೆ ಚೆಕ್ ಪದವನ್ನೇ ಬಳಸುತ್ತೇನೆ: ಒಕ್ರೆಸ್.

ಈಗ ‘ರದ್ದಾಗಿದೆ’ ಎಂಬ ಮಾತು. 2002ರ ಡಿಸೆಂಬರ್ 31ಕ್ಕೆ ಮುಚ್ಚಿದ್ದು ಒಕ್ರೆಸ್ ಕಚೇರಿಗಳು, ಒಕ್ರೆಸ್‌ಗಳಲ್ಲ. ಆ ಕಚೇರಿಗಳ ಕೆಲಸದಲ್ಲಿ ಸ್ವಲ್ಪ ಮೇಲಕ್ಕೆ, ‘ಕ್ರಾಯ್’ ಎನ್ನುವ ಪ್ರಾಂತಗಳಿಗೆ ಹೋಯಿತು. ಬಹುಪಾಲು ಕೆಳಕ್ಕೆ, ‘ಹೆಚ್ಚಿನ ಅಧಿಕಾರದ ಪುರಸಭೆ’ಗಳಿಗೆ ಬಂತು. ವಾಹನ ನೋಂದಣಿ, ಗುರುತಿನ ಚೀಟಿ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ವ್ಯಾಪಾರದ ಪರವಾನಗಿ ಎಲ್ಲ ಈಗ ಅಂಥ ಪುರಸಭೆಯಲ್ಲಿ. ಒಕ್ರೆಸ್ ಎಂಬ ಎಲ್ಲೆ ಮಾತ್ರ ನ್ಯಾಯಾಲಯ, ಪೊಲೀಸ್, ಅಂಕಿಅಂಶ ಇಲಾಖೆಗಳ ಲೆಕ್ಕದಲ್ಲಿ ಬದುಕಿದೆ. 2021ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾನೂನು 1960ರ ಹಳೆಯ ಪ್ರಾಂತಗಳನ್ನು ತೆಗೆದುಹಾಕಿತಾದರೂ ಒಕ್ರೆಸ್‌ಗಳನ್ನು ಉಳಿಸಿಕೊಂಡಿತು. ಸಾಮಾನ್ಯವಾಗಿ ಒಂದು ಒಕ್ರೆಸ್‌ನೊಳಗೆ ಇಂಥ ಎರಡು ಮೂರು ಪುರಸಭಾ ಕ್ಷೇತ್ರಗಳಿರುತ್ತವೆ, ಜನ ತಪ್ಪು ಊರಿನ ಕಚೇರಿಗೆ ಹೋಗಿ ವಾಪಸಾಗುತ್ತಿದ್ದದ್ದೂ ಅದರಿಂದಲೇ. ಯೆಸೆನೀಕ್‌ನಲ್ಲಿ ಆ ತೊಂದರೆ ಇಲ್ಲ: ಒಕ್ರೆಸ್ ಮತ್ತು ಪುರಸಭಾ ಕ್ಷೇತ್ರದ ಎಲ್ಲೆ ಒಂದೇ. ಬೆಟ್ಟ ಸುತ್ತುವರಿದ ನೆಲವನ್ನು ಒಡೆಯಲು ದಾರಿಯೇ ಇರಲಿಲ್ಲ.

ಇನ್ನು ಆ ಚಾಚು. ಅದಕ್ಕೆ ಉತ್ತರ 1742ರಲ್ಲಿದೆ.

ಮಧ್ಯಯುಗದಿಂದ ಈ ನೆಲದ ಬಹುಭಾಗ ನಿಸಾ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಒಡೆಯರು ರಾಜರಲ್ಲ, ವ್ರೊತ್ಸ್‌ವಾಫ್ (ಜರ್ಮನ್ ಹೆಸರು ಬ್ರೆಸ್ಲೌ) ನಗರದ ಬಿಷಪರು. ರಾಜಧಾನಿ ನಿಸಾ ಊರು ಕೆಳಗಿನ ಬಯಲಲ್ಲಿ. ಬೆಟ್ಟದ ಈ ಭಾಗ ಅದಕ್ಕೆ ಮರ, ಕಬ್ಬಿಣ, ಚಿನ್ನ ಒದಗಿಸುವ ಹಿತ್ತಿಲು. 1740ರಲ್ಲಿ ಜರ್ಮನ್ ರಾಜ್ಯವಾದ ಪ್ರಶ್ಯದ ದೊರೆ ಎರಡನೇ ಫ್ರೆಡರಿಕ್ ಸಿಲೇಸಿಯಾದ ಮೇಲೆ ದಂಡೆತ್ತಿ ಬಂದ. ಎರಡು ವರ್ಷದ ಯುದ್ಧದ ನಂತರ ಬ್ರೆಸ್ಲೌ ಮತ್ತು ಬರ್ಲಿನ್ ಒಪ್ಪಂದಗಳಲ್ಲಿ ಆಸ್ಟ್ರಿಯವನ್ನಾಳುತ್ತಿದ್ದ ಮರಿಯಾ ತೆರೇಸಾ ಸಿಲೇಸಿಯಾದ ಬಹುಪಾಲು ಬಿಟ್ಟುಕೊಡಬೇಕಾಯಿತು. ಹೊಸ ಗಡಿ ನಿಸಾ ಸಂಸ್ಥಾನವನ್ನೇ ಸೀಳಿತು: ರಾಜಧಾನಿ ಮತ್ತು ಫಲವತ್ತಾದ ಬಯಲು ಪ್ರಶ್ಯಕ್ಕೆ, ಬೆಟ್ಟ ಮತ್ತು ಬೆಟ್ಟದ ತಪ್ಪಲು ಆಸ್ಟ್ರಿಯಕ್ಕೆ. ಗಡಿಗೆರೆ ಬೆಟ್ಟದ ನೆತ್ತಿಯ ಮೇಲೆ ಹಾದಿದ್ದರೆ ಯೆಸೆನೀಕ್ ಇಂದು ಪೋಲೆಂಡಿನಲ್ಲಿರುತ್ತಿತ್ತು. ಗೆರೆ ಬೆಟ್ಟದ ಬುಡದಲ್ಲಿ ಹಾದದ್ದರಿಂದ ಈ ಚಾಚು ಉಂಟಾಯಿತು. ಇಂದು ನೀವು ನಕ್ಷೆಯಲ್ಲಿ ನೋಡುವ ಉತ್ತರದ ಗಡಿ ಮೂಲದಲ್ಲಿ ಅದೇ.

ಇದರ ಪರಿಣಾಮ ವಿಚಿತ್ರವಾಗಿತ್ತು. ಬಿಷಪರ ಪೀಠ ಪ್ರಶ್ಯದಲ್ಲಿ, ಅವರ ಕಾಡು ಮತ್ತು ಜಹಗೀರು ಆಸ್ಟ್ರಿಯದಲ್ಲಿ. ಬಿಷಪ್ ಶಾಫ್‌ಗೋಚ್ ಫ್ರೆಡರಿಕ್‌ನ ಅವಕೃಪೆಗೆ ಒಳಗಾಗಿ, 1766ರಲ್ಲಿ ಗಡಿ ದಾಟಿ ಯಾವೊರ್ನೀಕ್ ಊರಿನ ಮೇಲಿರುವ ಯಾನ್ಸ್ಕಿ ವ್ರ್ಹ್ ಅರಮನೆಗೆ ಬಂದವರು 1795ರಲ್ಲಿ ಸಾಯುವವರೆಗೂ ಅಲ್ಲೇ ಉಳಿದರು. ಸಂಗೀತ ರಚನೆಕಾರ ಕಾರ್ಲ್ ಡಿಟ್ಟರ್ಸ್ ಫೊನ್ ಡಿಟ್ಟರ್ಸ್‌ಡಾರ್ಫ್ 1769ರಿಂದ ಅವರ ಆಸ್ಥಾನದಲ್ಲಿದ್ದ. ಕಾಡುಮೂಲೆಯ ಪುಟ್ಟ ಊರಿನಲ್ಲಿ ಆ ಕಾಲಕ್ಕೆ ಆಪೆರಾ ನಡೆದದ್ದಕ್ಕೆ ಕಾರಣ ಆ ಗಡಿಗೆರೆ. ಇದೇ ಅರಮನೆಯಲ್ಲಿ ಬ್ರೆಸ್ಲೌನ ಕಾರ್ಡಿನಲ್ ಬರ್ಟ್ರಾಮ್ 1945ರ ಜುಲೈನಲ್ಲಿ ತೀರಿಕೊಂಡರು. ಯಾವೊರ್ನೀಕ್‌ಗೆ ಹೋದರೆ ಅರಮನೆ ನೋಡದೆ ಬರಬೇಡಿ. ಜಿಲ್ಲೆಯ ಇತಿಹಾಸವನ್ನು ಇಷ್ಟು ಒಟ್ಟಾಗಿ ತೋರಿಸುವ ಕಟ್ಟಡ ಇನ್ನೊಂದಿಲ್ಲ.

ಆಡಳಿತದ ಕಥೆ ಬೇಗ ಹೇಳಿಬಿಡುತ್ತೇನೆ. 1850ರಲ್ಲಿ ಫ್ರೀವಾಲ್ದೊವ್ (ಫ್ರೈವಾಲ್ಡೌ ಎಂಬುದರ ಚೆಕ್ ರೂಪ) ಒಕ್ರೆಸ್ ಆಯಿತು, ಆಸ್ಟ್ರಿಯನ್ ಸಿಲೇಸಿಯಾದ ಭಾಗವಾಗಿ. ಪ್ರಾಂತದ ರಾಜಧಾನಿ ಒಪಾವಾ. 1928ರಲ್ಲಿ ಸಿಲೇಸಿಯಾವನ್ನು ನೆರೆಯ ಪ್ರಾಂತ ಮೊರಾವಿಯಾದೊಂದಿಗೆ ಸೇರಿಸಿದರು. 1938ರ ಮ್ಯೂನಿಕ್ ಒಪ್ಪಂದದ ಮೇಲೆ ಇಡೀ ಪ್ರದೇಶ ಜರ್ಮನಿಯ ವಶವಾಗಿ, 1945ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಮರಳಿತು. 1947ರಲ್ಲಿ ಊರಿನ ಹೆಸರು ಯೆಸೆನೀಕ್ ಎಂದಾಯಿತು. 1960ರ ಮರುವಿಂಗಡಣೆಯಲ್ಲಿ ಒಕ್ರೆಸ್ಸನ್ನೇ ತೆಗೆದು, ಬೆಟ್ಟದ ಆಚೆಯ ಶುಂಪೆರ್ಕ್‌ಗೆ ಜೋಡಿಸಿದರು. ನನ್ನ ಅಭಿಪ್ರಾಯದಲ್ಲಿ ಈ ನೆಲದ ಮೇಲೆ ಎಳೆದ ಗೆರೆಗಳಲ್ಲಿ ಅತ್ಯಂತ ಅವಿವೇಕದ್ದು ಇದೇ. ಶುಂಪೆರ್ಕ್‌ನ ಕಚೇರಿಗೆ ಹೋಗಬೇಕಾದವರು 1,013 ಮೀಟರ್ ಎತ್ತರದ ಚೆರ್ವೆನೊಹೊರ್ಸ್ಕೆ ಸೆಡ್ಲೊ ಘಟ್ಟವನ್ನು ಹತ್ತಿ ಇಳಿಯಬೇಕು, ಇಲ್ಲವೇ ರಮ್ಜೊವಾ ಸುತ್ತಿಕೊಂಡು ರೈಲಿನಲ್ಲಿ ಹೋಗಬೇಕು. ಚಳಿಗಾಲದ ಹಿಮದಲ್ಲಿ ಘಟ್ಟದ ರಸ್ತೆಯನ್ನು ನೆಚ್ಚಿಕೊಳ್ಳುವಂತಿಲ್ಲ. 1996ರ ಜನವರಿ 1ಕ್ಕೆ ಯೆಸೆನೀಕ್ ಮತ್ತೆ ಒಕ್ರೆಸ್ ಆಯಿತು. ಅದರ ಸ್ವಂತ ಕಚೇರಿ ಏಳು ವರ್ಷ ಬಾಳಿ, ದೇಶದ ಎಲ್ಲ ಒಕ್ರೆಸ್ ಕಚೇರಿಗಳ ಜೊತೆಗೆ ಮುಚ್ಚಿತು. ಹಳೆಯ ಕಾರುಗಳ ಫಲಕದಲ್ಲಿ ‘ಜೆಇ’ ಅಕ್ಷರಗಳಿದ್ದರೆ ಅದು 1996ಕ್ಕೂ 2001ಕ್ಕೂ ನಡುವೆ ಇಲ್ಲಿ ನೋಂದಾಯಿಸಿದ ಗಾಡಿ.

ಒಲೊಮೌತ್ಸ್ ಪ್ರಾಂತ ಬಂದದ್ದು 2000ದ ವಿಂಗಡಣೆಯಲ್ಲಿ. ಆದರೆ ಚರ್ಚು ಮತ್ತು ಪತ್ರಾಗಾರ ಆ ಗೆರೆಯನ್ನು ಒಪ್ಪಿಕೊಂಡಿಲ್ಲ. ಯೆಸೆನೀಕ್‌ನ ಪ್ಯಾರಿಷ್‌ಗಳು ಸೇರುವುದು 1996ರಲ್ಲಿ ಸ್ಥಾಪನೆಯಾದ ಒಸ್ಟ್ರಾವಾ-ಒಪಾವಾ ಬಿಷಪರ ಆಡಳಿತ ವಲಯವಾದ ಡಯಾಸಿಸ್‌ಗೆ; ಒಕ್ರೆಸ್‌ನ ಪತ್ರಾಗಾರ ಒಪಾವಾದ ಪ್ರಾಂತೀಯ ಪತ್ರಾಗಾರದ ಶಾಖೆ. ಹಳೆಯ ಸಿಲೇಸಿಯಾ ಈಗಲೂ ಉಸಿರಾಡುತ್ತಿರುವುದು ಈ ಎರಡು ಕಡೆ. ದಾಖಲೆ ಹುಡುಕುವವರು ಒಲೊಮೌತ್ಸ್‌ನಲ್ಲಿ ವಿಚಾರಿಸಿ ದಿನ ಕಳೆಯುವುದೂ ಇದನ್ನು ತಿಳಿಯದೆಯೇ.

ಜನರ ಇತಿಹಾಸಕ್ಕೆ ಬರೋಣ. 1945ರವರೆಗೆ ಇಲ್ಲಿ ಬಹುಪಾಲು ಜನ ಜರ್ಮನ್ ಮಾತಾಡುವವರು. 1945-46ರಲ್ಲಿ ಅವರನ್ನು ಹೊರಹಾಕಲಾಯಿತು. ಮನೆ, ಹೊಲ, ಕಲ್ಲುಗಣಿಗಳನ್ನು ಒಳನಾಡಿನಿಂದ ಬಂದ ಚೆಕ್ಕರು, ಸ್ಲೊವಾಕರು, ಇಂದಿನ ಉಕ್ರೇನಿನ ವೊಲಿನಿಯಾ ಪ್ರದೇಶದಿಂದ ಮರಳಿದ ಚೆಕ್ಕರು, 1949ರ ಸುಮಾರಿಗೆ ತಮ್ಮ ದೇಶದ ಅಂತರ್ಯುದ್ಧದಿಂದ ಓಡಿಬಂದ ಗ್ರೀಕರು ತುಂಬಿದರು. ತುಂಬಿದ್ದು ಅರ್ಧಂಬರ್ಧ. ರಿಖ್ಲೆಬ್ ಬೆಟ್ಟದ ಮೇಲಿನ ಹಲವು ಕೊಪ್ಪಲುಗಳಿಗೆ ಯಾರೂ ಹೋಗಲಿಲ್ಲ. ಕಾಡಿನ ನಡುವೆ ಸಾಲಾಗಿ ಹಣ್ಣಿನ ಮರಗಳು, ಕಲ್ಲಿನ ತಳಪಾಯ, ಒಂಟಿ ಶಿಲುಬೆ ಕಂಡರೆ ಅಲ್ಲೊಂದು ಊರಿತ್ತು ಎಂದು ತಿಳಿಯಿರಿ. ಗೋರಿಕಲ್ಲುಗಳ ಮೇಲಿನ ಜರ್ಮನ್ ಬರಹವನ್ನು ದಯವಿಟ್ಟು ಕೆರೆದು, ತಂತಿಬ್ರಷ್ ಹಾಕಿ ಓದಲು ಹೋಗಬೇಡಿ. ಇಲ್ಲಿನ ಅಮೃತಶಿಲೆ ಮೆತ್ತಗಿನದು, ಅಕ್ಷರ ಎದ್ದುಹೋಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ನೆರಳಿನಲ್ಲಿ ಅಕ್ಷರ ಮೂಡುತ್ತದೆ. ಪಶ್ಚಿಮದ ತುದಿಯ ಬೀಲಾ ವೊದಾ ಗ್ರಾಮಕ್ಕೆ 1950ರಲ್ಲಿ ಕಮ್ಯುನಿಸ್ಟ್ ಸರ್ಕಾರ ದೇಶದ ನಾನಾ ಮಠಗಳ ಸನ್ಯಾಸಿನಿಯರನ್ನು ತಂದು ಕೂಡಿಹಾಕಿತು. ಅಲ್ಲಿನ ಸ್ಮಶಾನದಲ್ಲಿ ನೂರಾರು ಸನ್ಯಾಸಿನಿಯರ ಒಂದೇ ತೆರನ ಗೋರಿಗಳಿವೆ.

ಹೆಸರು ಬದಲಾದದ್ದೂ ಆಗಲೇ, ಮತ್ತು ಹೊಸ ಹೆಸರುಗಳು ನೆಲದಡಿ ಏನಿದೆಯೋ ಅದನ್ನೇ ಹೇಳುತ್ತವೆ. ಫ್ರೀಡೆಬರ್ಗ್ ಆಗಿದ್ದದ್ದು ಜುಲೊವಾ ಆಯಿತು: ‘ಜುಲಾ’ ಎಂದರೆ ಗ್ರಾನೈಟ್. ಜೆಟ್ಸ್‌ಡಾರ್ಫ್ ಈಗ ವಾಪೆನ್ನಾ: ‘ವಾಪ್ನೊ’ ಎಂದರೆ ಸುಣ್ಣ. ಟ್ಸುಕ್‌ಮಾಂಟೆಲ್ ಎಂಬುದು ಜ್ಲಾತೆ ಹೊರಿ, ಅಂದರೆ ಚಿನ್ನದ ಬೆಟ್ಟಗಳು. ಹೆಸರು ಅತಿಶಯೋಕ್ತಿಯಲ್ಲ: 1590ರ ಸುಮಾರಿಗೆ ಅಲ್ಲಿ 1.385 ಮತ್ತು 1.78 ಕಿಲೋಗ್ರಾಂ ತೂಕದ ಎರಡು ಚಿನ್ನದ ಗಟ್ಟಿಗಳು ಸಿಕ್ಕವು. 20ನೇ ಶತಮಾನದಲ್ಲಿ ತಾಮ್ರ, ಸತು, ಸೀಸ, ಕೊನೆಗೆ ಮತ್ತೆ ಚಿನ್ನ ತೆಗೆದು, 1990ರ ದಶಕದ ಮೊದಲ ವರ್ಷಗಳಲ್ಲಿ ಗಣಿ ನಿಲ್ಲಿಸಿದರು. ಒಲೆಶ್ನಿತ್ಸೆ ಹೊಳೆಯ ದಂಡೆಯಲ್ಲಿ ಅದಿರು ಕುಟ್ಟುವ ಮರದ ಗಿರಣಿಗಳನ್ನು ಹಳೆಯ ಮಾದರಿಯಲ್ಲೇ ಕಟ್ಟಿ ತೋರಿಸುತ್ತಾರೆ. ನೀರಿನ ಚಕ್ರ ತಿರುಗಿದಂತೆ ಅಚ್ಚಿನ ಗೂಟಗಳು ಭಾರದ ಒನಕೆಗಳನ್ನು ಎತ್ತಿ ಬಿಡುತ್ತವೆ. ಪುಡಿಯಾದ ಅದಿರನ್ನು ತೊಳೆದಾಗ ಹಗುರ ಮಣ್ಣು ಹರಿದುಹೋಗಿ ಚಿನ್ನ ತಳದಲ್ಲಿ ನಿಲ್ಲುತ್ತದೆ. ಸಂಗೀತ ರಚನೆಕಾರ ಶೂಬರ್ಟ್‌ನ ತಾಯಿ ಇದೇ ಊರಿನವರು. ಲೇಖಕ ಕಾಫ್ಕಾ 1905 ಮತ್ತು 1906ರ ಬೇಸಿಗೆಯಲ್ಲಿ ಇಲ್ಲಿನ ಆರೋಗ್ಯಧಾಮದಲ್ಲಿ ತಂಗಿದ್ದ.

ಕಹಿ ಪುಟಗಳೂ ಇವೆ. 1622ರಿಂದ 1684ರವರೆಗೆ ಬಿಷಪರ ಈ ಜಹಗೀರಿನಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಯೆಸೆನೀಕ್‌ನ ನೀರುಕೋಟೆಯ ವಸ್ತುಸಂಗ್ರಹಾಲಯದಲ್ಲಿ ಇದಕ್ಕೇ ಒಂದು ವಿಭಾಗವಿದೆ. ಬೆಟ್ಟದ ಆಚೆ ವೆಲ್ಕೆ ಲೊಸಿನಿಯಲ್ಲಿ 1678ರಿಂದ ನಡೆದ ವಿಚಾರಣೆಗಳ ಜೊತೆ ಇದನ್ನು ಬೆರೆಸುವವರು ಬಹಳ. ಅದು ಮೊರಾವಿಯಾದ, ಬೇರೆ ಒಡೆತನದ, ಬೇರೆ ನ್ಯಾಯಾಲಯದ ಕಥೆ. ಇನ್ನೊಂದು 1931ರ ನವೆಂಬರ್ 25ರದು: ಮುಷ್ಕರ ಹೂಡಿ ಮೆರವಣಿಗೆ ಹೊರಟಿದ್ದ ಕಲ್ಲುಗಣಿ ಕಾರ್ಮಿಕರ ಮೇಲೆ ಡೊಲ್ನಿ ಲಿಪೊವಾ ಬಳಿ ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು.

ನಮ್ಮ ಕಡೆಗೆ ನಿಜವಾದ ನಂಟೊಂದಿದೆ, ಅದು ತಣ್ಣೀರಿನದು. ಯೆಸೆನೀಕ್ ಊರಿನ ಮೇಲಿನ ಗ್ರೇಫೆನ್‌ಬೆರ್ಗ್ ಗುಡ್ಡದಲ್ಲಿ 1799ರಲ್ಲಿ ಹುಟ್ಟಿದ ರೈತನ ಮಗ ವಿನ್ಸೆಂಟ್ಸ್ ಪ್ರೀಸ್‌ನಿಟ್ಸ್, ಹರೆಯದಲ್ಲಿ ಗಾಡಿಗೆ ಸಿಕ್ಕಿ ಮುರಿದ ಪಕ್ಕೆಲುಬುಗಳನ್ನು ಒದ್ದೆಬಟ್ಟೆ ಕಟ್ಟಿ ತಾನೇ ವಾಸಿಮಾಡಿಕೊಂಡ. 1822ರಲ್ಲಿ ತಂದೆಯ ಮನೆಯನ್ನೇ ಜಲಚಿಕಿತ್ಸಾಲಯ ಮಾಡಿದ. ರಷ್ಯನ್ ಲೇಖಕ ಗೊಗೊಲ್ ಸಹ ಇಲ್ಲಿಗೆ ಬಂದು ಹೋದ. ಕರ್ನಾಟಕದ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಇಂದು ಕೊಡುವ ಒದ್ದೆಪಟ್ಟಿಯ ಮೂಲ ಈ ಗುಡ್ಡ. ವಿಧಾನ ಸರಳ: ಹತ್ತಿಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಂತೆ ಹಿಂಡಿ ಮೈಗೆ ಸುತ್ತಬೇಕು, ಮೇಲೆ ಒಣ ಉಣ್ಣೆಬಟ್ಟೆ ಬಿಗಿಯಾಗಿ ಬರಬೇಕು, ಒಳಪಟ್ಟಿ ಎಲ್ಲೂ ಹೊರಗೆ ಇಣುಕಬಾರದು. ಮೊದಲು ಚಳಿಯಾಗಿ, ಸ್ವಲ್ಪ ಹೊತ್ತಿಗೆ ರಕ್ತ ಚರ್ಮಕ್ಕೆ ನುಗ್ಗಿ ಬಿಸಿಯೇರುತ್ತದೆ. ಬಿಸಿಯೇರದೆ ತಣ್ಣಗೇ ಉಳಿದರೆ ಬಟ್ಟೆ ಸರಿಯಾಗಿ ಹಿಂಡಿಲ್ಲ, ಇಲ್ಲವೇ ಹೊರಪಟ್ಟಿ ಸಡಿಲವಾಗಿದೆ ಎಂದರ್ಥ, ಆಗ ಬಿಚ್ಚಿಬಿಡಬೇಕು. ಆರೋಗ್ಯಧಾಮದ ಮುಖ್ಯ ಕಟ್ಟಡವನ್ನು ವಾಸ್ತುಶಿಲ್ಪಿ ಲಿಯೊಪೊಲ್ಡ್ ಬೌವರ್ ವಿನ್ಯಾಸದಂತೆ 1910ರಲ್ಲಿ ಮುಗಿಸಿದರು. ಪ್ರೀಸ್‌ನಿಟ್ಸ್‌ನ ಸಮಕಾಲೀನ ಯೊಹಾನ್ ಶ್ರೋಟ್ ಪಕ್ಕದ ಲಿಪೊವಾದಲ್ಲಿ ಉಪವಾಸ ಪಥ್ಯದ ಚಿಕಿತ್ಸೆ ನಡೆಸಿದ; ಇಬ್ಬರನ್ನೂ ಒಂದೇ ಎಂದು ಬರೆಯುವುದು ತಪ್ಪು.

ಹೋಗುವ ದಾರಿ. ಬ್ರನೊದಿಂದ ರೈಲು ಒಲೊಮೌತ್ಸ್, ಜಾಬ್ರೆಹ್, ಹನುಶೊವಿತ್ಸೆ ಮೂಲಕ ರಮ್ಜೊವಾ ಹತ್ತಿ ಇಳಿಯುತ್ತದೆ. ಈ ಘಟ್ಟದ ಮಾರ್ಗ 1888ರದು. ರಮ್ಜೊವಾದಲ್ಲಿ ಇಳಿದರೆ ಕುರ್ಚಿ-ರೋಪ್‌ವೇ ಹಿಡಿದು ಶೆರಾಕ್‌ಗೆ ಏರಬಹುದು. ಲಿಪೊವಾ ಬಳಿ ನಾ ಪೊಮೆಜಿ ಅಮೃತಶಿಲೆಯ ಗುಹೆಗಳಿವೆ. ಹೊರಗೆ ಎಂಥ ಬೇಸಿಗೆಯಿದ್ದರೂ ಒಳಗೆ ಸ್ವೆಟರ್ ಬೇಕು. ರೆಯ್ವೀಜ್‌ನ ಜೌಗು ಕಾಡಿನಲ್ಲಿ ಮರದ ಹಲಗೆಯ ದಾರಿ ಬಿಟ್ಟು ಕಾಲಿಡಬಾರದು. ಸಾವಿರಾರು ವರ್ಷದ ಪೀಟ್ ಪದರ (ಅರೆಕೊಳೆತ ಗಿಡಗಳ ಮಣ್ಣು) ಒಂದು ಹೆಜ್ಜೆಗೇ ಹಾಳಾಗುತ್ತದೆ. ಯೆಸೆನೀಕ್‌ನಿಂದ ಕ್ರ್ನೊವ್‌ಗೆ ಹೋಗುವ ಚೆಕ್ ಮಾರ್ಗ ನಡುವೆ ಪೋಲೆಂಡಿನ ಗ್ವುಹೊವಾಜಿ ಊರನ್ನು ಹಾದು ಮತ್ತೆ ಚೆಕ್ ನೆಲಕ್ಕೆ ಬರುತ್ತದೆ. 2007ರ ಡಿಸೆಂಬರ್ 21ರಿಂದ ಗಡಿ ತಪಾಸಣೆ ಇಲ್ಲ, ಆದರೂ ಭಾರತದ ಪಾಸ್‌ಪೋರ್ಟ್ ಇರುವವರು ಪಾಸ್‌ಪೋರ್ಟನ್ನೂ ವಾಸದ ಪರವಾನಗಿ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಲೇಬೇಕು.

ಹೊರಡುವ ಮುನ್ನ ಆ ದಿನದ ರೈಲು ವೇಳಾಪಟ್ಟಿ ನೋಡಿ. 2024ರ ಸೆಪ್ಟೆಂಬರ್ ಪ್ರವಾಹ ಬ್ಯೆಲಾ ಕಣಿವೆಯ ಹಳಿ, ಸೇತುವೆ, ಮನೆಗಳನ್ನು ಕೊಚ್ಚಿಹಾಕಿತು. ಇದಕ್ಕೂ ಕಾರಣ ಬೆಟ್ಟವೇ. ಮೆಡಿಟರೇನಿಯನ್ ಕಡೆ ಹುಟ್ಟಿದ ವಾಯುಭಾರ ಕುಸಿತ ಈಶಾನ್ಯಕ್ಕೆ ಸರಿದು ಪೋಲೆಂಡಿನ ಸುತ್ತ ನಿಧಾನಿಸಿದರೆ, ತೇವದ ಗಾಳಿ ಉತ್ತರದಿಂದ ತಿರುಗಿ ಬಂದು ಈ ಗೋಡೆಗೆ ಬಡಿಯುತ್ತದೆ. ಮೇಲೇರಿ ತಣಿದು, ಇದ್ದಲ್ಲೇ ದಿನಗಟ್ಟಲೆ ಸುರಿಯುತ್ತದೆ. ಕಣಿವೆ ಕಡಿದು, ಇಕ್ಕಟ್ಟು. ನೀರಿಗೆ ಹರಡಿಕೊಳ್ಳಲು ಜಾಗವಿಲ್ಲ. ಮನೆಗಳಿರುವುದೂ ಹೊಳೆಯ ದಂಡೆಯಲ್ಲೇ. 1903, 1997, 2024 ಮೂರೂ ಸಲ ಆದದ್ದು ಇದೇ. ಬೇಸಿಗೆಯಲ್ಲಿ ಸತತ ಉತ್ತರ ಗಾಳಿಯ ಮಳೆಯ ಮುನ್ಸೂಚನೆ ಇದ್ದರೆ ಬ್ಯೆಲಾ ದಂಡೆಯಲ್ಲಿ ಡೇರೆ ಹಾಕಬೇಡಿ.

ಕೊನೆಗೆ ದಾಖಲೆ. ಮೊದಲು ಊರಿನ ಜರ್ಮನ್ ಹೆಸರು ಗೊತ್ತುಮಾಡಿಕೊಳ್ಳಿ: ಯಾವೊರ್ನೀಕ್ ಯೌವರ್ನಿಗ್, ವಿದ್ನಾವಾ ವೈಡೆನೌ, ಮಿಕುಲೊವಿತ್ಸೆ ನಿಕ್ಲಾಸ್‌ಡಾರ್ಫ್, ಲಿಪೊವಾ ಲಿಂಡೆವೀಜೆ. ಬರೀ ಹೆಸರು ಹಾಕಿ ಹುಡುಕಿದರೆ ತಪ್ಪು ಊರು ಸಿಗುತ್ತದೆ. ಫ್ರೈವಾಲ್ಡೌ ಎಂಬ ಇನ್ನೊಂದು ಊರು ಪ್ರಶ್ಯದ ಸಿಲೇಸಿಯಾದಲ್ಲಿತ್ತು, ಇಂದಿನ ಪೋಲೆಂಡಿನ ಗೊಜ್ದ್ನಿತ್ಸಾ. ಫ್ರೀಡೆಬರ್ಗ್ ಹಲವು. ಮಿಕುಲೊವಿತ್ಸೆ ಪರ್ದುಬಿತ್ಸೆ, ಜ್ನೊಯ್ಮೊ ಕಡೆಯೂ ಇದೆ. ಯೆಸೆನೀಕ್ ನಾದ್ ಒದ್ರೊ ಎಂಬ ಗ್ರಾಮ ಬೇರೆಯದೇ ಒಕ್ರೆಸ್‌ನಲ್ಲಿದೆ. ಆದ್ದರಿಂದ ಹೆಸರಿನ ಜೊತೆಗೆ ‘ಆಸ್ಟ್ರಿಯನ್ ಸಿಲೇಸಿಯಾ’ ಎಂದು ಜರ್ಮನ್‌ನಲ್ಲಿ ಸೇರಿಸಿ. ಎರಡನೆಯದಾಗಿ, ಊರು ಯಾವ ನ್ಯಾಯಾಲಯ ವಲಯಕ್ಕೆ ಸೇರಿತ್ತು ನೋಡಿ. ಹಳೆಯ ಒಕ್ರೆಸ್‌ನೊಳಗೆ ಫ್ರೀವಾಲ್ದೊವ್, ಯಾವೊರ್ನೀಕ್, ವಿದ್ನಾವಾ, ಟ್ಸುಕ್‌ಮಾಂಟೆಲ್ ಎಂಬ ನಾಲ್ಕು ವಲಯಗಳಿದ್ದು, ಭೂದಾಖಲೆಗಳು ಆ ಪ್ರಕಾರ ಜೋಡಣೆಯಾಗಿವೆ. ಜನನ, ವಿವಾಹ, ಮರಣದ ಹಳೆಯ ಚರ್ಚು ಪುಸ್ತಕಗಳ ಡಿಜಿಟಲ್ ಪ್ರತಿ ಒಪಾವಾ ಪತ್ರಾಗಾರದ ಜಾಲತಾಣದಲ್ಲಿವೆ. ನೂರು ವರ್ಷ ತುಂಬದ ಜನನ ಪುಸ್ತಕ ಮಾತ್ರ ಇನ್ನೂ ಸ್ಥಳೀಯ ನೋಂದಣಿ ಕಚೇರಿಯಲ್ಲಿರುತ್ತದೆ, ಅದನ್ನು ಎಲ್ಲರಿಗೂ ತೋರಿಸುವುದಿಲ್ಲ. ಹೊಲಮನೆಯ ನಕ್ಷೆ ಬೇಕಾದರೆ 19ನೇ ಶತಮಾನದ ಭೂಮಾಪನದ ಹಾಳೆಗಳನ್ನು ಹುಡುಕಿ. ಅವುಗಳ ಪ್ರಮಾಣ 1:2880, ಏಕೆಂದರೆ ಆಗ ನಕ್ಷೆಯ ಒಂದು ಅಂಗುಲಕ್ಕೆ ನೆಲದ 40 ಮಾರು ಎಂದು ಲೆಕ್ಕ ಹಿಡಿದಿದ್ದರು, ಒಂದು ಮಾರಿಗೆ 72 ಅಂಗುಲ. ಮನೆ ಸಂಖ್ಯೆಗಳು ಬೀದಿಯ ಕ್ರಮದಲ್ಲಲ್ಲ, ಮನೆ ಕಟ್ಟಿದ ಅಥವಾ ಎಣಿಸಿದ ಕ್ರಮದಲ್ಲಿವೆ. 12ರ ಪಕ್ಕದಲ್ಲಿ 87 ಕಂಡರೆ ತಪ್ಪಲ್ಲ. ಹೆಸರಿಗಿಂತ ಆ ಮನೆ ಸಂಖ್ಯೆಯನ್ನೇ ಹಿಡಿದು ಚರ್ಚು ಪುಸ್ತಕದಲ್ಲಿ ಹಿಂದೆ ಹಿಂದೆ ಹೋಗಿ, ಕುಟುಂಬ ಕೈತಪ್ಪುವುದಿಲ್ಲ.